ಯಾವ ಬಿಪಿ ನಿಜ: ಆಸ್ಪತ್ರೆಯದೋ, ಮನೆಯದೋ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಆಸ್ಪತ್ರೆಯಲ್ಲಿ ಅವರ ಬಿಪಿ 158/94 ಇತ್ತು. ಮನೆಯ ಯಂತ್ರದಲ್ಲಿ 130/80ರ ಆಸುಪಾಸು ಬರುತ್ತದೆ. ಯಾವುದನ್ನು ನಂಬಬೇಕು? ಬಿಪಿ ತೋರಿಸಲು ಹೋದರೆ ವೈದ್ಯರು ಮಂಡಿನೋವಿನ ಮಾತ್ರೆ, ಕಷಾಯ ಎಂದೆಲ್ಲ ವಿಚಾರಿಸುವುದೇಕೆ?

ಉತ್ತರ: ಎರಡೂ ನಿಜವಿರಬಹುದು. ರಕ್ತದೊತ್ತಡ ದಿನವಿಡೀ ಏರಿಳಿಯುತ್ತಲೇ ಇರುತ್ತದೆ. ಹಾಗಾಗಿ ಎಷ್ಟು ಬಂತು ಎಂದು ಕೇಳುವ ಮೊದಲು ಹೇಗೆ ಅಳೆದರು ಎಂದು ಕೇಳಬೇಕು. ನಿಮ್ಮ ತಾಯಿ ಬಸ್ಸಿಳಿದು, ಮೆಟ್ಟಿಲು ಹತ್ತಿ, ಚೀಟಿ ಮಾಡಿಸಿ ಕುರ್ಚಿಯಲ್ಲಿ ಕೂತ ಕೂಡಲೇ ತೋಳಿಗೆ ಪಟ್ಟಿ ಸುತ್ತಿದ್ದರೆ ಆ ಅಂಕಿಯಲ್ಲಿ ಮೆಟ್ಟಿಲಿನ ಪಾಲೂ ಇರುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂತ ನಂತರ ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು ಬೇಡ, ಮೂತ್ರವನ್ನೂ ತಡೆದುಕೊಂಡಿರಬಾರದು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಜೋತುಬಿದ್ದರೆ ಅಂಕಿ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಷ್ಟೇ. ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಮಡಚಿದರೆ ಅದೇ ಒಂದು ಕಟ್ಟಾಗಿ ಲೆಕ್ಕ ಕೆಡಿಸುತ್ತದೆ ಎಂಬುದನ್ನು ನಮ್ಮ ಹೊರರೋಗಿ ವಿಭಾಗಗಳ ಗದ್ದಲದಲ್ಲಿ ಗಮನಿಸುವವರು ಕಡಿಮೆ.

ಇಷ್ಟೆಲ್ಲ ಸರಿಯಿದ್ದೂ ಬಿಳಿ ಕೋಟು ಕಂಡೊಡನೆ ಒತ್ತಡ ಏರುವವರಿದ್ದಾರೆ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಸರಾಸರಿಗೆ 135/85 ಎಂದು ಇಟ್ಟುಕೊಳ್ಳುತ್ತೇವೆ. ತೋಳಿಗೆ ಸುತ್ತುವ ಯಂತ್ರದಲ್ಲಿ ಒಂದು ವಾರ ಬೆಳಿಗ್ಗೆ ಮತ್ತು ಸಂಜೆ, ನಿಮಿಷದ ಅಂತರದಲ್ಲಿ ಎರಡೆರಡು ಬಾರಿ ಅಳೆದು, ಬಂದ ಅಂಕಿಗಳನ್ನೆಲ್ಲ ಆರಿಸದೆ ಬರೆದು ತನ್ನಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆದು ತರುವವರೇ ಹೆಚ್ಚು! ಅಲ್ಲಿಯವರೆಗೆ ಇರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ವಿಚಾರಣೆಯ ಮಾತು. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಒತ್ತಡವನ್ನು ಏರಿಸುವುದಲ್ಲದೆ, ಬಿಪಿ ಮಾತ್ರೆಯ ಪ್ರಭಾವವನ್ನೂ ಕುಗ್ಗಿಸಬಲ್ಲವು. ಕೆಮ್ಮಿಗೆಂದು ಅತಿಮಧುರದ ಕಷಾಯವನ್ನು ವಾರಗಟ್ಟಲೆ ಕುಡಿದರೂ ಬಿಪಿ ಏರಿ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. "ಏನಾದರೂ ಔಷಧಿ ತಗೊಳ್ತೀರಾ ಅಮ್ಮಾ?" ಎಂದರೆ "ಏನೂ ಇಲ್ಲ" ಎಂದೇ ಉತ್ತರ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು ಯಾರ ಲೆಕ್ಕದಲ್ಲೂ ಔಷಧಿಯಲ್ಲ, ಕಷಾಯವಂತೂ ಅಲ್ಲವೇ ಅಲ್ಲ. ಆದ್ದರಿಂದ ಮನೆಯಲ್ಲಿರುವ ಮಾತ್ರೆಯ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಪ್ರಶ್ನೆ: ನರ್ಸ್ ನನ್ನ ನಾಡಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದರು. ಹೃದಯದಲ್ಲಿ ದೋಷವಿದೆಯೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ನಾಡಿಯ ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸುವುದುಂಟು, ಅನುಮಾನವಿದ್ದರೆ ಇಸಿಜಿಯ ಬಗ್ಗೆ ಕೇಳಿ. ಆದರೆ ಇನ್ನೊಂದು ಸಾಧ್ಯತೆಯೂ ಇದೆ: ಉಸಿರು ಎಣಿಸುತ್ತಾರೆಂದು ತಿಳಿದರೆ ಉಸಿರಿನ ಗತಿಯೇ ಬದಲಾಗುವುದರಿಂದ, ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟನ್ನು ಬಿಡದೆ, ಎದೆಯ ಏರಿಳಿತವನ್ನು ಓರೆಗಣ್ಣಿನಿಂದ ನೋಡುತ್ತ ಎಣಿಸುವುದು ಹಳೆಯ ರೂಢಿ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜ. ಈಗ ಗುಟ್ಟು ತಿಳಿದಿರುವ ನಿಮ್ಮ ಉಸಿರನ್ನು ಎಣಿಸುವುದು ಅವರಿಗೆ ಮುಂದಿನ ಬಾರಿ ಕಷ್ಟವಾದೀತು.