ಮಗಳಿಗೆ ಹೇಳಿ, ಶಾಲೆಗೆ ಸೇರುವ ಮೊದಲೇ ಹೇಳಿ

ನೀವು ಕೇಳಿರುವುದು ಇಷ್ಟು: ಹುಬ್ಬಳ್ಳಿಯಲ್ಲಿ ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆದು ಹುಟ್ಟಿದ ನಿಮ್ಮ ಮಗಳಿಗೆ ಈಗ ಮೂರು ವರ್ಷ, ಅವಳಿಗೆ ಇದನ್ನು ತಿಳಿಸಬೇಕೆಂದು ನಿಮ್ಮ ಮನೆಯವರು ಹೇಳುತ್ತಾರೆ, ನಿಮಗೆ ಬೇಡವೆನ್ನಿಸುತ್ತದೆ, ಹಾವೇರಿಯಲ್ಲಿರುವ ನಿಮ್ಮ ತಾಯಿಗೆ ವಿಷಯವೇ ಗೊತ್ತಿಲ್ಲ, ರಕ್ತದ ಗುಂಪು ಹೊಂದಿಸಿರುವುದರಿಂದ ಯಾರಿಗೂ ತಿಳಿಯುವುದಿಲ್ಲ ಎಂದು ವೈದ್ಯರು ಧೈರ್ಯ ಹೇಳಿದ್ದಾರೆ. ನಾನು ಧಾರವಾಡದವನು. ಹದಿಹರೆಯದಲ್ಲಿ ಬಂದ ಮಂಗನಬಾವು ವೃಷಣಗಳಿಗೆ ಇಳಿದಿದ್ದರಿಂದ ನನ್ನಲ್ಲಿ ವೀರ್ಯಾಣುಗಳೇ ಇಲ್ಲವೆಂಬುದು ಮದುವೆಯ ನಂತರ ತಿಳಿಯಿತು. ಈಗ ಪಿಯುಸಿ ಓದುತ್ತಿರುವ ನಮ್ಮ ಮಗ ನಿಮ್ಮ ಮಗಳಂತೆಯೇ ಹುಟ್ಟಿದವನು, ಮತ್ತು ಆ ಸಂಗತಿ ಅವನಿಗೆ ಅಂಗನವಾಡಿಗೆ ಹೋಗುವ ವಯಸ್ಸಿನಿಂದಲೂ ಗೊತ್ತು.

ಯಾರಿಗೂ ತಿಳಿಯುವುದಿಲ್ಲ ಎಂಬ ಮಾತನ್ನು ಮೊದಲು ಪರೀಕ್ಷಿಸಿ. ಚಿಕಿತ್ಸೆಯ ದಿನಗಳಲ್ಲಿ ನಿಮ್ಮ ಜೊತೆ ದವಾಖಾನೆಗೆ ಬಂದವರು ಯಾರು, ಹಣ ಕೊಟ್ಟವರು ಯಾರು, ನಿಮ್ಮ ಮನೆಯವರು ತವರಿನಲ್ಲಿ ಯಾರ ಮುಂದೆ ಅತ್ತಿದ್ದರು ಎಂದು ಎಣಿಸಿ ನೋಡಿದರೆ, ಕನಿಷ್ಠ ಮೂರ್ನಾಲ್ಕು ಜನರಿಗಾದರೂ ಅದು ಗೊತ್ತಿರುತ್ತದೆ. ನಮ್ಮ ಕಡೆ ಇಂತಹ ಮಾತುಗಳು ಪ್ರೀತಿಯ ಹೊತ್ತಿನಲ್ಲಿ ಹೊರಬೀಳುವುದಿಲ್ಲ. ಹೊಲ ಮನೆ ಹಿಸ್ಸೆಯಾಗುವಾಗ, ನಾಲ್ಕು ಜನ ಹಿರಿಯರು ಕುಳಿತಿರುವಾಗ, ಸಿಟ್ಟಿನಲ್ಲಿರುವ ಒಬ್ಬರ ಬಾಯಿಂದ ಹೊರಬೀಳುತ್ತವೆ. ರಕ್ತದ ಗುಂಪು ಹೊಂದಿದರೆ ಶಾಲೆಯ ಗುರುತಿನ ಚೀಟಿ ನೋಡಿದವರಿಗೆ ಸಂಶಯ ಬರಲಿಕ್ಕಿಲ್ಲ, ಅಷ್ಟೇ. ಎಂಜಲಿನ ಮಾದರಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಳ್ಳಬಹುದಾದ ಈ ಕಾಲದಲ್ಲಿ, ನಾಳೆ ಮಗಳು ಓದಲೆಂದು ಹೊರದೇಶಕ್ಕೆ ಹೋಗಿ ಗೆಳತಿಯರ ಜೊತೆ ಕುತೂಹಲಕ್ಕೆ ಅದನ್ನು ಮಾಡಿಸಿದರೆ ಆ ಹೊಂದಾಣಿಕೆ ಏನೂ ಕಾಯುವುದಿಲ್ಲ.

ಇದಕ್ಕಿಂತ ನನಗೆ ಮುಖ್ಯವೆನ್ನಿಸಿದ್ದು ಕಾಯಿಲೆಯ ವಿಚಾರ. ನಮ್ಮ ಮನೆತನದಲ್ಲಿ ಅಜ್ಜ, ಅಪ್ಪ, ನಾನು ಮೂವರಿಗೂ ಸಕ್ಕರೆ ಕಾಯಿಲೆ. ಮಗನಿಗೆ ವಿಷಯ ತಿಳಿಸದೆ ಇದ್ದಿದ್ದರೆ ಅವನು ಜೀವನವಿಡೀ ವೈದ್ಯರ ಮುಂದೆ ತನ್ನದಲ್ಲದ ಒಂದು ಚರಿತ್ರೆಯನ್ನು ಹೇಳುತ್ತಿದ್ದ, ಅವರು ಅದನ್ನೇ ನಂಬಿ ಪರೀಕ್ಷೆ ಬರೆಯುತ್ತಿದ್ದರು, ಮತ್ತು ದಾನಿಯ ಕಡೆಯಿಂದ ಬಂದಿರಬಹುದಾದುದನ್ನು ಹುಡುಕಲು ಯಾರಿಗೂ ಹೊಳೆಯುತ್ತಿರಲಿಲ್ಲ.

ದಾನಿ ಮುಂದೊಂದು ದಿನ ಹಕ್ಕು ಕೇಳಿಕೊಂಡು ಬಂದರೆ ಎಂಬ ನಿಮ್ಮ ಭಯಕ್ಕೆ ಕಾನೂನಿನಲ್ಲಿ ಜಾಗವಿಲ್ಲ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಗು ಚಿಕಿತ್ಸೆ ಪಡೆದ ದಂಪತಿಗಳದೇ ಜೈವಿಕ ಮಗು; ಆಸ್ತಿಯೂ ಸೇರಿದಂತೆ ಎಲ್ಲ ಹಕ್ಕುಗಳೂ ಅದಕ್ಕೆ ಅವರಿಂದಲೇ ಬರುತ್ತವೆ, ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಒಂದೇ ಬೆಡಗಿನವರು, ಅಂದರೆ ಒಂದೇ ಕುಲಮೂಲದವರು, ಮದುವೆಯಾಗದಂತೆ ನೋಡಿ ಸಂಬಂಧ ಬೆಳೆಸುವ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರ ನಂತರ ನೋಂದಾಯಿಸಿಕೊಂಡ ದಾನಿಗಳ ಹೆಸರನ್ನು ಮಕ್ಕಳು 18 ತುಂಬಿದ ಮೇಲೆ ಕೇಳಿ ಪಡೆಯಬಹುದಾದಂತೆ ನಮ್ಮಲ್ಲಿ ಪಡೆಯಲಾಗದು. ಆದ್ದರಿಂದ ಮಗಳು ‘ಯಾರವರು’ ಎಂದು ಕೇಳಿದಾಗ ಹೆಸರು ನಮಗೂ ಗೊತ್ತಿಲ್ಲವೆಂದು ನೇರವಾಗಿ ಹೇಳಬೇಕಾಗುತ್ತದೆ, ಕಥೆ ಕಟ್ಟಬೇಡಿ.

ಯಾವಾಗ ಹೇಳಬೇಕೆಂಬ ಬಗ್ಗೆ ನನಗೆ ಸಂಶಯವಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸುಸಾನ್ ಗೊಲೊಂಬೊಕ್ ಮತ್ತು ಸಂಗಡಿಗರು ಇಂತಹ ಕುಟುಂಬಗಳನ್ನು ಮಕ್ಕಳು 20 ವರ್ಷದವರಾಗುವ ತನಕ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಹೇಳಿದ ಮನೆಗಳಲ್ಲಿ ತಾಯಿ ಮಕ್ಕಳ ಸಂಬಂಧ ಹೆಚ್ಚು ಚೆನ್ನಾಗಿತ್ತು ಎಂಬುದು ಕಂಡುಬಂದಿದೆ. ಅವು ಬ್ರಿಟನ್ನಿನ ಮನೆಗಳು. ಅಲ್ಲಿ ಆಯಿ, ಕಾಕಾ, ಅತ್ತಿ ಎಲ್ಲರೂ ಒಂದೇ ಪಡಸಾಲೆಯಲ್ಲಿ ಕುಳಿತು ಮಗುವಿನ ಮೂಗು ಯಾರ ಹಾಗಿದೆ ಎಂದು ತೀರ್ಮಾನಿಸುವುದಿಲ್ಲ. ಆದರೆ ನಮ್ಮಲ್ಲಿ ಬೇಗ ಹೇಳುವುದಕ್ಕೆ ಇರುವ ಕಾರಣವೇ ಆ ಪಡಸಾಲೆ.

ನಾವು ಹೇಳಿದ್ದು ನಮ್ಮ ಮನೆಯ ಮಾತಿನಲ್ಲಿಯೇ: ‘ಕೂಸು ಆಗಬೇಕಂದ್ರ ಅವ್ವಂದೊಂದು, ಅಪ್ಪಂದೊಂದು ಸಣ್ಣ ಕಣ ಬೇಕಪಾ. ಅಪ್ಪನ ಕಡೆ ಅದು ಇರಲಿಲ್ಲ. ದವಾಖಾನ್ಯಾಗ ಯಾರೋ ಒಬ್ಬರು ಕೊಟ್ಟರು. ಆಮ್ಯಾಲೆ ನೀ ಅವ್ವನ ಹೊಟ್ಯಾಗ ಬೆಳದಿ.’ ಅವನು ಸ್ವಲ್ಪ ಯೋಚಿಸಿ, ‘ಅವರಿಗೆ ನಾವೇನು ಕೊಟ್ವಿ?’ ಎಂದ. ಅದಕ್ಕೆ ನಾನು ಸಿದ್ಧನಾಗಿರಲಿಲ್ಲ. ದಾನಿಯನ್ನು ನಾವು ಒಮ್ಮೆಯೂ ಅಪ್ಪ ಎಂಬ ಪದದಿಂದ ಸೂಚಿಸಲಿಲ್ಲ. ಇದನ್ನು ಯಾರ ಮುಂದೆಯೂ ಹೇಳಬೇಡ ಎಂದು ಆಣೆ ಹಾಕಿಸಲೂ ಇಲ್ಲ. ಆಣೆ ಹಾಕಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೋ ಇದೆಯೆಂದು ಮಗು ತಿಳಿಯುತ್ತದೆ.

ಆಣೆ ಇಲ್ಲದ ಮೇಲೆ ಅದು ಆಯಿಯ ಕಿವಿಗೆ ಬೀಳುವುದು ಖಚಿತ. ಆದ್ದರಿಂದ ಅವನಿಗೆ ಹೇಳುವ ವಾರದಲ್ಲೇ ನನ್ನ ತಾಯಿಗೂ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅದನ್ನ ತೊಟ್ಟಲಾಗ ಹಾಕಿದಾಕಿ ನಾನು. ಈಗ ಬಂದು ಯಾರದು ಅಂತ ನನಗ ಹೇಳ್ತಿಯೇನು?’ ಎಂದು ಗದರಿದರು. ನಿಮ್ಮ ತಾಯಿ ಹೀಗೆಯೇ ಹೇಳುತ್ತಾರೆಂದು ನಾನು ಭರವಸೆ ಕೊಡಲಾರೆ. ಕೆಲವರು ತಿಂಗಳುಗಟ್ಟಲೆ ಮುನಿಸಿಕೊಳ್ಳುತ್ತಾರೆ. ಆ ಮುನಿಸನ್ನು ನೀವು ತಡೆದುಕೊಳ್ಳಬಲ್ಲಿರಿ, ಮಗಳು ಮೂವತ್ತರ ವಯಸ್ಸಿನಲ್ಲಿ ಬೇರೆಯವರಿಂದ ಕೇಳಿ ಬಂದು ನಿಮ್ಮ ಮುಂದೆ ನಿಲ್ಲುವುದನ್ನು ತಡೆದುಕೊಳ್ಳುವುದು ಕಷ್ಟ.

‘ನೀನು ನನ್ನ ಅಪ್ಪನಲ್ಲ’ ಎಂಬ ಮಾತಿಗೆ ನಾನೂ ಹೆದರಿದ್ದೆ. ಹೋದ ವರ್ಷ ಬೈಕಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳವಾದಾಗ ಅವನು ಅಂದಿದ್ದು ‘ಎಲ್ಲಾರ ಅಪ್ಪಂದಿರೂ ಕೊಡಸ್ತಾರ’ ಎಂದು.

ಹೇಳುವ ದಿನ ನಿಮ್ಮ ಮನೆಯವರೊಬ್ಬರನ್ನೇ ಮುಂದೆ ಬಿಟ್ಟು ನೀವು ಹೊರಗೆ ಹೋಗಬೇಡಿ. ಕೊರತೆ ನಿಮ್ಮದಾಗಿರುವುದರಿಂದ ಮಾತು ನಿಮ್ಮ ಬಾಯಿಂದ ಬಂದರೆ ಒಳ್ಳೆಯದು. ಇಬ್ಬರೂ ಒಮ್ಮತಕ್ಕೆ ಬರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಆಪ್ತಸಮಾಲೋಚಕರ ಜೊತೆ ಮಾತಾಡಿ. ಚಿಕಿತ್ಸೆಯ ಫೈಲನ್ನು, ವಿಶೇಷವಾಗಿ ದಾನಿಯ ವಯಸ್ಸು, ರಕ್ತದ ಗುಂಪು ಮತ್ತು ಪರೀಕ್ಷೆಗಳ ಫಲಿತಾಂಶವಿರುವ ಹಾಳೆಗಳನ್ನು, ಈಗಲೇ ದವಾಖಾನೆಯಿಂದ ಕೇಳಿ ಪಡೆದು ಮಗಳ ಜನನ ಪ್ರಮಾಣಪತ್ರದ ಜೊತೆಗೆ ಇಡಿ.