ಕನ್ನಡ ಎಂಎ ಆದವರಿಗೆ ತೌಲನಿಕ ಸಾಹಿತ್ಯದ ಪಿಎಚ್‌ಡಿ

ಬೀದರ್‌ನಲ್ಲಿ ಕನ್ನಡ ಎಂಎ ಮುಗಿಸಿದ್ದೀರಿ, ತೌಲನಿಕ ಸಾಹಿತ್ಯದ ಪಿಎಚ್‌ಡಿಗೆ ಇಂಗ್ಲಿಷ್ ಎಂಎ ಬೇಕಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಬೇಕಿಲ್ಲ, ಆದರೂ ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಪ್ರತ್ಯೇಕ ಕೇಂದ್ರವಿದೆ, ನಿಮಗೆ ಹತ್ತಿರ ಕೂಡ.

ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ್ದು ಸಂಶೋಧನಾ ಪ್ರಸ್ತಾವಕ್ಕೆ. ಸುಮ್ನೆ ‘ಕನ್ನಡ–ಉರ್ದು ಕಾವ್ಯ: ಒಂದು ಹೋಲಿಕೆ’ ಅಂತ ಬರೆದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಸಣ್ಣದೊಂದು ಪ್ರಶ್ನೆ ಹಿಡಿಯಿರಿ. ಕನ್ನಡದ ಬೀಸುವ ಪದ, ಮರಾಠಿಯ ಓವಿ, ದಖನಿಯ (ದಕ್ಷಿಣದ ಉರ್ದು) ಚಕ್ಕಿನಾಮಾ ಮೂರೂ ಬೀಸುಕಲ್ಲಿನ ಮುಂದೆ ಹಾಡಿದವು. ಅವುಗಳಲ್ಲಿ ದೇವರು, ಗುರು ಹೇಗೆ ಬರುತ್ತಾರೆ? ನಿಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ? ಉರ್ದು ಲಿಪಿ ಬರದಿದ್ದರೆ ಇವತ್ತೇ ಶುರು ಮಾಡಿ, ಬರೀ ಅನುವಾದ ನಂಬಿದರೆ ಆಗುವುದಿಲ್ಲ.

ಯುಜಿಸಿಯ ನೆಟ್ ಅರ್ಹತಾ ಪರೀಕ್ಷೆಯಲ್ಲಿ ತೌಲನಿಕ ಸಾಹಿತ್ಯ ಬೇರೆ ವಿಷಯವೇ ಇದೆ. ಅದರಲ್ಲಿ ‘ಪಿಎಚ್‌ಡಿಗೆ ಮಾತ್ರ’ ಅಂತ ಅರ್ಹರಾದರೆ ಪ್ರವೇಶಕ್ಕೆ ಆ ಅಂಕ 1 ವರ್ಷವಷ್ಟೇ ನಡೆಯುತ್ತದೆ.