ಮಣೆ ಮೇಲಿನ ವಿಚಿತ್ರಗಳು: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ಸರ್, ಟೂರ್ನಮೆಂಟ್ ಆಡುವುದನ್ನು ನಿಲ್ಲಿಸಿ ಈಗ ವಿಚಿತ್ರವಾದ, ತಮಾಷೆಯ ಚೆಸ್ ಆಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ ಅಂತ ಹೋದ ಸಲ ಬರೆದಿದ್ದಿರಿ. ಯಾರೋ ಯಾವತ್ತೋ ಆಡಿದ ಆಟವನ್ನು ಮತ್ತೆ ಮಣೆ ಮೇಲೆ ಇಟ್ಟು ನೋಡುವುದರಲ್ಲಿ ಏನು ಖುಷಿ? ನಾನೂ ನಿವೃತ್ತ. ಗೆಲ್ಲಲೇಬೇಕು ಅನ್ನುವ ಹುಮ್ಮಸ್ಸು ಈಗಿಲ್ಲ, ಆದರೆ ಚೆಸ್ ಬಿಡಲು ಮನಸ್ಸು ಬರುತ್ತಿಲ್ಲ.

ಉತ್ತರ: ಬಿಡಬೇಡಿ. ಟೂರ್ನಮೆಂಟ್ ಬಿಟ್ಟ ಮೇಲೆಯೇ ನಾನು ಚೆಸ್ ಅನ್ನು ನಿಧಾನವಾಗಿ ನೋಡಲು ಕಲಿತಿದ್ದು. ಆಗೆಲ್ಲ ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು, ಅರ್ಧ ಪಾಯಿಂಟ್ ಕೈತಪ್ಪಿದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ಒಂದೇ ನಡೆಯ ಮುಂದೆ ಅರ್ಧ ಗಂಟೆ ಸುಮ್ನೆ ಕೂತರೂ ಕೇಳುವವರಿಲ್ಲ.

ಒಂದು ಆಟ ಹೇಳುತ್ತೇನೆ, ಮಣೆ ತೆಗೆದಿಟ್ಟುಕೊಳ್ಳಿ. 1872, ವಿಯೆನ್ನಾ. ಬಿಳಿ ಕಾಯಿ ಕಾರ್ಲ್ ಹ್ಯಾಂಪೆ ಅವರದು, ಕಪ್ಪು ಫಿಲಿಪ್ ಮೈಟ್ನರ್ ಅವರದು. ಮೂರನೇ ನಡೆಯಲ್ಲಿ ಹ್ಯಾಂಪೆ ತಮ್ಮ ಕುದುರೆಯನ್ನು ಮಣೆಯ ಅಂಚಿಗೆ, ಎ4 ಮನೆಗೆ (ಅಕ್ಷರ ಉದ್ದ ಸಾಲಿನದು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲಿನದು) ಕಳಿಸಿ ಕಪ್ಪು ಒಂಟೆಯನ್ನು ಕೆಣಕಿದರು. ಒಂಟೆ ಹಿಂದೆ ಸರಿಯಲಿಲ್ಲ. ಎಫ್2 ಮನೆಯ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟಿತು. ರಾಜ ಒಂಟೆಯನ್ನು ತಿಂದ. ಅಲ್ಲಿಂದಾಚೆ ಅವನಿಗೆ ಮನೆಗೆ ವಾಪಸ್ ಹೋಗುವ ದಾರಿಯೇ ಸಿಗಲಿಲ್ಲ. ಇ3, ಡಿ3, ಸಿ3, ಬಿ3 ಅಂತ ಒಂದೊಂದೇ ಹೆಜ್ಜೆ ಮಣೆಯ ಆಚೆ ಬದಿಗೆ ಹೋಗುತ್ತಲೇ ಇದ್ದಾನೆ. ಒಂಬತ್ತನೇ ನಡೆಯಲ್ಲಿ ಮೈಟ್ನರ್ ತಮ್ಮ ರಾಣಿಯಿಂದ ಆ ಎ4 ಕುದುರೆಯನ್ನು ಹೊಡೆದರು, ಅಂದರೆ ರಾಣಿಯನ್ನೇ ಕೊಟ್ಟುಬಿಟ್ಟರು. ರಾಜ ಅದನ್ನೂ ತಿಂದ. ಆಮೇಲೆ ಒಂದು ಕುದುರೆಯನ್ನು ತಿಂದ, ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತಿಂದ. 16ನೇ ನಡೆ ಮುಗಿದಾಗ ಬಿಳಿ ರಾಜ ಎಲ್ಲಿದ್ದಾನೆ ಗೊತ್ತಾ? ಸಿ6 ಮನೆಯಲ್ಲಿ, ಕಪ್ಪು ಕಾಯಿಗಳ ನಟ್ಟನಡುವೆ.

ಲೆಕ್ಕಕ್ಕೆ ನೋಡಿದರೆ ಬಿಳಿಗೆ ಒಂದು ರಾಣಿ, ಒಂದು ಕಾಯಿ ಜಾಸ್ತಿ ಇದೆ. ಆದರೆ ಕಪ್ಪು ಒಂಟೆ ಬಿ7ಗೆ ಬಂದು ಚೆಕ್ ಕೊಡುತ್ತದೆ. ಆ ಒಂಟೆಯನ್ನು ತಿಂದರೆ ಕಪ್ಪು ರಾಜ ಡಿ7ಗೆ ಒಂದು ಹೆಜ್ಜೆ ಇಡುತ್ತಾನೆ, ಆಮೇಲೆ ಬಿಳಿ ಏನೇ ಮಾಡಿದರೂ ಆನೆ ಬಿ8ಗೆ ಬಂದು ಮೇಟ್, ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಬಿಳಿ ರಾಜ ಹಿಂದಕ್ಕೆ ಬಿ5ಗೆ ಬಂದರೆ ಒಂಟೆ ಎ6ಗೆ ಬಂದು ಮತ್ತೆ ಚೆಕ್. ಅಲ್ಲಿಂದ ಎ4ಗೆ ತಪ್ಪಿಸಿಕೊಂಡರೆ ಒಂಟೆ ಸಿ4ಗೆ ಹೋಗುತ್ತದೆ, ಮುಂದೆ ಒಂದು ಕಾಲಾಳೇ ಮೇಟ್ ಮಾಡುತ್ತದೆ. ಹಾಗಾಗಿ ರಾಜ ಸಿ6ಗೇ ಹೋಗಬೇಕು. ಒಂಟೆ ಬಿ7, ರಾಜ ಬಿ5, ಒಂಟೆ ಎ6, ರಾಜ ಸಿ6, ಇದೇ ಮತ್ತೆ ಮತ್ತೆ. ಡ್ರಾ! ಇಷ್ಟೆಲ್ಲ ಕೊಟ್ಟು, ಇಷ್ಟೆಲ್ಲ ಓಡಿ, ಕೊನೆಗೆ ಇಬ್ಬರದೂ ಸಮಸಮ. ಎಷ್ಟು ಸಲ ಆಡಿ ನೋಡಿದ್ದೇನೋ, ಇನ್ನೂ ಬೇಜಾರಾಗಿಲ್ಲ.

ಅಂದಹಾಗೆ ಈ ಮೈಟ್ನರ್ ವೃತ್ತಿಯಲ್ಲಿ ವಕೀಲರು. ಅಣು ವಿದಳನವನ್ನು ವಿವರಿಸಿದ ವಿಜ್ಞಾನಿ ಲೀಸ್ ಮೈಟ್ನರ್ ಇವರ ಮಗಳು. ಮನೆಯಲ್ಲೇ ಇಂಥ ಆಟ ಆಡುವ ಅಪ್ಪ ಇದ್ದರೆ ಹೇಗಿರುತ್ತಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಪ್ರಶ್ನೆ: 2021ರಲ್ಲಿ ಕಾರ್ಲ್‌ಸನ್ ಮತ್ತು ನಕಮುರಾ ಒಂದು ಆನ್‌ಲೈನ್ ಟೂರ್ನಮೆಂಟಿನಲ್ಲಿ ಎರಡನೇ ನಡೆಗೇ ರಾಜನನ್ನು ಮುಂದಿಟ್ಟು, ಹಿಂದಿಟ್ಟು, ಆರೇ ನಡೆಗೆ ಡ್ರಾ ಮಾಡಿಕೊಂಡರಲ್ಲ, ಅದು ನಿಮ್ಮ ನೋಟ್‌ಬುಕ್ಕಿನಲ್ಲಿ ಇದೆಯಾ?

ಉತ್ತರ: ಇಲ್ಲ. ಅದನ್ನು ನೋಡಿ ನಕ್ಕವರ ಮೇಲೆ ನನಗೆ ಬೇಸರವೇನೂ ಇಲ್ಲ. ಆದರೆ ಅಲ್ಲಿ ಇಬ್ಬರಿಗೂ ಕಳೆದುಕೊಳ್ಳುವುದು ಏನೂ ಇರಲಿಲ್ಲ, ಇಬ್ಬರೂ ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು. ಬೇಕೆಂದೇ ಮಾಡಿದ ವಿಚಿತ್ರ ಒಂದು ಸಲ ನೋಡಿದರೆ ಮುಗಿಯಿತು. ಇಬ್ಬರೂ ಗೆಲ್ಲಬೇಕು ಅಂತ ಮನಸ್ಸಿಟ್ಟು ಆಡುತ್ತಿರುವಾಗ ಮಣೆ ತಾನಾಗಿ ಎಲ್ಲೋ ಒಂದು ವಿಚಿತ್ರ ಜಾಗಕ್ಕೆ ಕರೆದುಕೊಂಡು ಹೋಗುತ್ತದಲ್ಲ, ನನಗೆ ಬೇಕಾದದ್ದು ಅದು.

1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಟೋನಿ ಮೈಲ್ಸ್ ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್ ವಿರುದ್ಧ ಕಪ್ಪು ಕಾಯಿ ಆಡಿದರು. ಕಾರ್ಪೋವ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಮೈಲ್ಸ್ ಉತ್ತರವಾಗಿ ಅಂಚಿನ ಎ ಸಾಲಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು! ಚೆಸ್ ಕಲಿಯುವ ಮಗು ಹಾಗೆ ಆಡಿದರೆ ನಾವು ತಿದ್ದುತ್ತೇವೆ, ಅಲ್ವಾ? ಎರಡನೇ ನಡೆಗೆ ಪಕ್ಕದ ಬಿ ಸಾಲಿನ ಕಾಲಾಳು ಎರಡು ಮನೆ ಬಂತು. ಇದೂ ಬೇಕೆಂದೇ ಮಾಡಿದ್ದು ನಿಜ. ಆದರೆ ಮೈಲ್ಸ್ ಅಲ್ಲಿಂದ ಮುಂದೆ ಒಂದೊಂದು ನಡೆಯನ್ನೂ ಗಂಭೀರವಾಗಿ ಆಡಿ ಗೆದ್ದರು. ಅದಕ್ಕೇ ಇದು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ರಾಜನ ನಡಿಗೆಯೇ ನೋಡಬೇಕೆಂದರೆ 1991ರ ಟಿಲ್‌ಬರ್ಗ್ ಟೂರ್ನಮೆಂಟಿನಲ್ಲಿ ನೈಜೆಲ್ ಶಾರ್ಟ್ ಟಿಮ್ಮನ್ ವಿರುದ್ಧ ಆಡಿದ್ದನ್ನು ನೋಡಿ. ಎರಡೂ ಕಡೆ ರಾಣಿ, ಆನೆಗಳು ಮಣೆ ಮೇಲೇ ಇವೆ. ಆಗ ಶಾರ್ಟ್ ತಮ್ಮ ರಾಜನನ್ನು ಎಚ್2, ಜಿ3, ಎಫ್4, ಜಿ5 ಅಂತ ಶತ್ರುವಿನ ಬಾಗಿಲಿಗೇ ನಡೆಸಿಕೊಂಡು ಹೋದರು. ಇನ್ನೊಂದು ಹೆಜ್ಜೆ ಎಚ್6ಗೆ ಇಟ್ಟರೆ ರಾಣಿ ಜಿ7ರಲ್ಲಿ ಮೇಟ್ ಮಾಡುತ್ತದೆ. ಟಿಮ್ಮನ್ ಅಲ್ಲೇ ಸೋಲೊಪ್ಪಿಕೊಂಡರು. ಪ್ರತಿ ಹೆಜ್ಜೆಗೂ ಕಾರಣ ಇದೆ ನೋಡಿ, ಒಂದೂ ತೋರಿಕೆಗೆ ಇಟ್ಟಿದ್ದಲ್ಲ.

ಪ್ರಶ್ನೆ: ನನ್ನ ಮೊಮ್ಮಗಳು ಒಂದೇ ನಡೆಯಲ್ಲಿ ಮೇಟ್ ಆಗುವುದನ್ನು ಗಮನಿಸದೆ ಸೋತು ತುಂಬಾ ಅತ್ತಳು. ಇನ್ನು ಆಡುವುದೇ ಇಲ್ಲ ಅನ್ನುತ್ತಿದ್ದಾಳೆ. ದೊಡ್ಡ ಆಟಗಾರರೂ ಹೀಗೆ ಸೋತಿದ್ದಾರಾ?

ಉತ್ತರ: ಸೋತಿದ್ದಾರಮ್ಮಾ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ. 2006ರಲ್ಲಿ ಬಾನ್ ನಗರದಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ವಿರುದ್ಧ ಆಡುತ್ತಿದ್ದರು. ಎರಡನೇ ಆಟ, ಅವರ ಸ್ಥಿತಿ ಚೆನ್ನಾಗಿಯೇ ಇತ್ತು. ರಾಣಿಯನ್ನು ಎತ್ತಿ ಇ3ಗೆ ಇಟ್ಟರು. ಕಂಪ್ಯೂಟರ್ ರಾಣಿ ಎಚ್7ಗೆ ಬಂದು ಮೇಟ್. ನಿಮ್ಮ ಮೊಮ್ಮಗಳದ್ದೂ ಅದೇ ತಪ್ಪು: ಒಂದೇ ನಡೆಯ ಮೇಟ್, ಕಣ್ಣೆದುರೇ ಇತ್ತು.

1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೆಟ್ರೋಸಿಯನ್, ಬ್ರಾನ್‌ಸ್ಟೈನ್ ವಿರುದ್ಧ ಪೂರ್ತಿ ಹಿಡಿತ ಸಾಧಿಸಿದ್ದರು. ಬ್ರಾನ್‌ಸ್ಟೈನ್‌ಗೆ ಆಡಲು ಬೇರೇನೂ ಇಲ್ಲದೆ ಒಂದು ಕುದುರೆಯನ್ನೇ ಅತ್ತಿಂದಿತ್ತ ಓಡಿಸುತ್ತಿದ್ದರು. ಆ ಕುದುರೆ ಒಂದು ಸಲ ಪೆಟ್ರೋಸಿಯನ್ ಅವರ ರಾಣಿಗೆ ಗುರಿಯಿಟ್ಟಿತು. ಪೆಟ್ರೋಸಿಯನ್ ಗಮನಿಸಲಿಲ್ಲ. ಬೇರೆ ಕಾಯಿ ನಡೆಸಿದರು, ರಾಣಿ ಹೋಯಿತು, ಆಟವೂ ಹೋಯಿತು. ಅದೇ ಪೆಟ್ರೋಸಿಯನ್ 1963ರಲ್ಲಿ ವಿಶ್ವ ಚಾಂಪಿಯನ್ ಆದರು.

ನಮ್ಮ ಆನಂದ್ 1988ರಲ್ಲಿ ಬೀಲ್ ಟೂರ್ನಮೆಂಟಿನಲ್ಲಿ ಜಪಾಟಾ ವಿರುದ್ಧ ಆರೇ ನಡೆಗೆ ಸೋಲೊಪ್ಪಿಕೊಂಡರು. ಹಿಂದಿನ ವರ್ಷ ಮೈಲ್ಸ್ ಮತ್ತು ಕ್ರಿಸ್ಟಿಯನ್ಸೆನ್ ಆಡಿದ್ದ ಆಟದಲ್ಲಿದ್ದ ನಡೆಯನ್ನೇ ಆಡಿದ್ದರು. ಆ ಆಟದಲ್ಲಿ ಬಿಳಿ ಕಡೆಯವರು ಅದಕ್ಕೆ ಸರಿಯಾದ ಉತ್ತರ ಆಡಿರಲಿಲ್ಲ. ಜಪಾಟಾ ಆಡಿದರು. ರಾಣಿಯನ್ನು ಇ2ಗೆ ಇಟ್ಟರು ಅಷ್ಟೇ. ಕಪ್ಪು ಕುದುರೆಯ ಹಿಂದೆಯೇ ಅದರ ರಾಜ, ಎಲ್ಲ ಒಂದೇ ಸಾಲಿನಲ್ಲಿ. ಕುದುರೆ ಕದಲುವ ಹಾಗಿಲ್ಲ, ಉಳಿಸಿಕೊಳ್ಳುವ ದಾರಿಯೂ ಇಲ್ಲ. ಆನಂದ್ ಆಮೇಲೆ ಏನಾದರು ಅಂತ ನಿಮ್ಮ ಮೊಮ್ಮಗಳಿಗೆ ನಾನು ಹೇಳಬೇಕಾಗಿಲ್ಲ.

ನನ್ನದೂ ಒಂದು ಇದೆ. ಒಂದು ಟೂರ್ನಮೆಂಟಿನಲ್ಲಿ ನನ್ನ ರಾಜ ಒಂಟೆಯ ಚೆಕ್‌ನಲ್ಲಿದ್ದ. ಒಂಟೆ ದೂರದ ಮೂಲೆಯಿಂದ ಓರೆಯಾಗಿ ನೋಡುತ್ತಿತ್ತು. ನನಗೂ ಕಾಣಲಿಲ್ಲ, ಎದುರು ಕೂತವರಿಗೂ ಕಾಣಲಿಲ್ಲ. ಇಬ್ಬರೂ ತಲೆ ಬಗ್ಗಿಸಿ ಇನ್ನೊಂದು ಕಡೆಯ ಕಾಲಾಳುಗಳ ಜಗಳದಲ್ಲಿ ಮುಳುಗಿ ನಾಲ್ಕು ನಡೆ ಆಡಿದೆವು. ಆಮೇಲೆ ಅವರು ಮೆಲ್ಲಗೆ ಬೆರಳು ತೋರಿಸಿದರು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಜೋರಾಗಿ ನಕ್ಕೆವು. ನಿಯಮದ ಪ್ರಕಾರ ತಪ್ಪು ನಡೆ ಆಡುವ ಮೊದಲು ಇದ್ದ ಸ್ಥಿತಿಗೆ ವಾಪಸ್ ಹೋಗಬೇಕು. ತೀರ್ಪುಗಾರರು ಬಂದು ನಾವು ಬರೆದುಕೊಂಡಿದ್ದ ಹಾಳೆ ನೋಡಿ ಕಾಯಿಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಪ್ರಶ್ನೆ: ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿ ಮೇಟ್ ಕೊಡಬಹುದಾ? ಹಾಗೇ, ಅತಿ ಉದ್ದದ ಆಟ ಯಾವುದು?

ಉತ್ತರ: ಕೊಡಬಹುದು. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್, ಜಾರ್ಜ್ ಥಾಮಸ್ ವಿರುದ್ಧ 11ನೇ ನಡೆಗೆ ಎಚ್7 ಕಾಲಾಳನ್ನು ಹೊಡೆದು ರಾಣಿಯನ್ನು ಕೊಟ್ಟರು. ಅಲ್ಲಿಂದ ಬರೀ ಚೆಕ್ ಮೇಲೆ ಚೆಕ್. ಜಿ8ರಲ್ಲಿದ್ದ ಕಪ್ಪು ರಾಜ ಇಡೀ ಮಣೆ ದಾಟಿ ಜಿ1ಕ್ಕೆ, ಅಂದರೆ ಬಿಳಿಯ ಮನೆಯೊಳಕ್ಕೇ ಬಂದ. 18ನೇ ನಡೆಗೆ ಲಾಸ್ಕರ್ ತಮ್ಮ ರಾಜನನ್ನು ಒಂದು ಮನೆ ಸರಿಸಿದರು, ಹಿಂದಿನಿಂದ ಆನೆ ಮೇಟ್ ಕೊಟ್ಟಿತು. ಅಲ್ಲಿ ರಾಣಿ ಬದಿಗೆ ಕ್ಯಾಸ್ಲಿಂಗ್ ಮಾಡಿದ್ದರೂ ಮೇಟೇ. ನಾನಾಗಿದ್ದರೆ ಕ್ಯಾಸ್ಲಿಂಗೇ ಮಾಡುತ್ತಿದ್ದೆ! ಸೋತ ಥಾಮಸ್ ಬ್ಯಾಡ್ಮಿಂಟನ್ನಿನಲ್ಲೂ ದೊಡ್ಡ ಹೆಸರು, ಥಾಮಸ್ ಕಪ್ ಅವರ ಹೆಸರಿನದೇ.

ಉದ್ದದ ಆಟ ಅಂದರೆ 1989ರಲ್ಲಿ ಬೆಲ್‌ಗ್ರೇಡಿನಲ್ಲಿ ನಿಕೋಲಿಚ್ ಮತ್ತು ಆರ್ಸೊವಿಚ್ ಆಡಿದ 269 ನಡೆ. 20 ಗಂಟೆಗೂ ಜಾಸ್ತಿ ಆಡಿ ಡ್ರಾ ಮಾಡಿಕೊಂಡರು. ಅದನ್ನು ಒಂದು ಸಲ ಪೂರ್ತಿ ಆಡಿ ನೋಡಿದೆ. ಎರಡನೇ ಸಲ ನೋಡುವ ಆಸೆ ಆಗಲಿಲ್ಲ.

ಪ್ರಶ್ನೆ: ನಮ್ಮಂಥ ಸಾಧಾರಣ ಆಟಗಾರರ ಹೆಸರು ಚೆಸ್‌ನಲ್ಲಿ ಎಲ್ಲಾದರೂ ಉಳಿದಿದೆಯಾ ಸರ್?

ಉತ್ತರ: ಈ ಪ್ರಶ್ನೆ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. ಫರ್ನಾಂಡೋ ಸಾವೆದ್ರ ಅಂತ ಒಬ್ಬರು ಸ್ಪೇನಿನ ಪಾದ್ರಿ, ಗ್ಲಾಸ್ಗೋದಲ್ಲಿ ಇದ್ದರು. ದೊಡ್ಡ ಆಟಗಾರರೇನಲ್ಲ. 1895ರಲ್ಲಿ ಅಲ್ಲಿನ ಪತ್ರಿಕೆಯ ಚೆಸ್ ಅಂಕಣದಲ್ಲಿ ಬಾರ್ಬಿಯರ್ ಅನ್ನುವವರು ಒಂದು ಸ್ಥಿತಿ ಕೊಟ್ಟು, ಇದು ಡ್ರಾ ಎಂದು ತೋರಿಸಿದರು. ಸಾವೆದ್ರ ನೋಡಿ, ಇಲ್ಲ, ಇದರಲ್ಲಿ ಬಿಳಿಗೆ ಗೆಲುವಿದೆ ಎಂದು ತೋರಿಸಿಕೊಟ್ಟರು. ಅಂಕಣ ಬರೆಯುವವನಾಗಿ ನನಗೆ ಈ ಕಥೆ ಬಹಳ ಇಷ್ಟ.

ನಾಲ್ಕೇ ಕಾಯಿ, ಇಟ್ಟು ನೋಡಿ. ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ1, ಕಪ್ಪು ಆನೆ ಡಿ5. ನಡೆ ಬಿಳಿಯದು. ಕಾಲಾಳು ಸಿ7ಕ್ಕೆ ಹೋಗುತ್ತದೆ, ಇನ್ನೊಂದು ಹೆಜ್ಜೆಗೆ ರಾಣಿ. ಕಪ್ಪು ಆನೆ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5ಕ್ಕೆ ಇಳಿಯಬೇಕು. ಸಿ5ಕ್ಕೆ ಹೋದರೆ ಆನೆ ಡಿ1ಕ್ಕೆ ಹೋಗಿ ಕಾಯುತ್ತದೆ, ರಾಣಿ ಹುಟ್ಟಿದ ತಕ್ಷಣ ಸಿ1ರಿಂದ ಚೆಕ್ ಕೊಟ್ಟು ಅದನ್ನು ಹೊಡೆಯುತ್ತದೆ. ಹೀಗೆ ಆನೆ ಪ್ರತಿ ಸಲ ಚೆಕ್ ಕೊಡುತ್ತಾ, ರಾಜ ಬಿ4, ಬಿ3 ಅಂತ ಇಳಿಯುತ್ತಾ ಕೊನೆಗೆ ಸಿ2ಕ್ಕೆ ಬರುತ್ತಾನೆ. ಈಗ ಆನೆ ಡಿ4ಕ್ಕೆ ಬಂದು ಕೂರುತ್ತದೆ. ಕಾಲಾಳನ್ನು ರಾಣಿ ಮಾಡಿದರೆ ಆನೆ ಸಿ4ರಿಂದ ಚೆಕ್ ಕೊಡುತ್ತದೆ, ರಾಣಿ ಅದನ್ನು ತಿನ್ನಲೇಬೇಕು, ತಿಂದರೆ ಕಪ್ಪು ರಾಜನಿಗೆ ಹೋಗಲು ಒಂದೂ ಮನೆ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್. ಬಾರ್ಬಿಯರ್ ಡ್ರಾ ಅಂದಿದ್ದು ಇದಕ್ಕೇ.

ಸಾವೆದ್ರ ಇಲ್ಲಿ ರಾಣಿ ಕೇಳಲಿಲ್ಲ, ಆನೆ ಕೇಳಿದರು. ಈಗ ಸ್ಟೇಲ್‌ಮೇಟ್ ಇಲ್ಲ. ಮೇಲಾಗಿ ಹೊಸ ಆನೆ ಎ8ಕ್ಕೆ ಹೋಗಿ ಮೇಟ್ ಮಾಡುವ ಹೆದರಿಕೆ ಇದೆ. ತಡೆಯಲು ಕಪ್ಪು ಆನೆ ಎ4ಕ್ಕೆ ಓಡಬೇಕು, ಬೇರೆ ದಾರಿ ಇಲ್ಲ. ಆಗ ಬಿಳಿ ರಾಜ ಸಿ2ರಿಂದ ಬಿ3ಕ್ಕೆ ಒಂದೇ ಹೆಜ್ಜೆ ಇಡುತ್ತಾನೆ. ಒಂದು ಕಡೆ ಆ ಆನೆಯನ್ನೇ ತಿನ್ನುತ್ತಾನೆ, ಇನ್ನೊಂದು ಕಡೆ ಸಿ1ರಲ್ಲಿ ಮೇಟ್ ಕಾದಿದೆ. ಕಪ್ಪಿಗೆ ಒಂದನ್ನು ತಡೆಯಬಹುದು, ಎರಡನ್ನೂ ಅಲ್ಲ.

ಜಗತ್ತಿನ ಚೆಸ್ ಆಟಗಾರರೆಲ್ಲ ಇವತ್ತಿಗೂ ಇದನ್ನು ಸಾವೆದ್ರ ಸ್ಥಿತಿ ಅಂತಲೇ ಕರೆಯುತ್ತಾರೆ. ಮೊಮ್ಮಗಳು ಸೋತು ಅತ್ತಳು ಅಂತ ಬರೆದವರೇ, ಅವಳಿಗೂ ಇದನ್ನು ಇಟ್ಟು ತೋರಿಸಿ. ಕಾಲಾಳು ಸಿ8ಕ್ಕೆ ಬಂದಾಗ ಯಾವ ಕಾಯಿ ಬೇಕು ಅಂತ ಅವಳನ್ನೇ ಕೇಳಿ, ಏನು ಹೇಳಿದಳು ಅಂತ ನನಗೆ ಬರೆಯಿರಿ.